ಪುಟ್ಟಿ ನಮ್ಮ ಪಂಕ್ತಿಗೆ ಬಂದಿದ್ದು

ನನ್ನ ಮಗಳು ಪುಟ್ಟಿಗೆ 19 ತಿಂಗಳಾಗಿದ್ದಾಗಿನ ಮಾತು. ಸಂಜೆ ಅವಳನ್ನು ಹೈ ಚೇರಿನಲ್ಲಿ, ಅಂದರೆ ಮಕ್ಕಳಿಗೆ ಉಣಿಸುವ ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೊಸರು ತೆಗೆಯಲು ಫ್ರಿಜ್ಜಿನ ಕಡೆ ತಿರುಗಿದ್ದೆ. ಮತ್ತೆ ನೋಡುವಷ್ಟರಲ್ಲಿ ಬೆಲ್ಟಿನಿಂದ ಭುಜ ಬಿಡಿಸಿಕೊಂಡು, ಒಂದು ಕಾಲನ್ನು ಮುಂದಿನ ಟ್ರೇ ಮೇಲಿಟ್ಟು ನಿಂತುಬಿಟ್ಟಿದ್ದಳು. ಮುಖ ನಮ್ಮ ಊಟದ ಟೇಬಲ್ಲಿನ ಕಡೆಗಿತ್ತು. ಓಡಿ ಹೋಗಿ ಹಿಡಿದುಕೊಂಡೆ. ಎಷ್ಟೋ ಹೊತ್ತಿನವರೆಗೆ ನನ್ನ ಕೈ ನಡುಗುತ್ತಲೇ ಇತ್ತು.

ಆ ಚೇರು ಕೆಟ್ಟದ್ದೇನಲ್ಲ. ಏಳನೇ ತಿಂಗಳಿನಿಂದ ಒಂದು ವರ್ಷ ಅದೇ ನನಗೆ ಆಸರೆ. ರಾಗಿ ಸರಿ, ಬೇಳೆಕಟ್ಟು ಅನ್ನ, ಬಾಳೆಹಣ್ಣು, ಎಲ್ಲದರ ರುಚಿ ಅವಳು ನೋಡಿದ್ದು ಅಲ್ಲೇ. ಆದರೆ ಎದ್ದು ನಿಲ್ಲಲು ಕಲಿತ ಮಗುವಿಗೆ ಅದು ಅಪಾಯ. ಚೇರು ಎತ್ತರ, ಭಾರವೆಲ್ಲ ಮೇಲೆ. ಮಗು ವಾಲಿದ ಕಡೆಗೇ ಅದೂ ವಾಲುತ್ತದೆ. ಬೆಲ್ಟ್ ಬಿಗಿ ಮಾಡಿ ನೋಡಿದೆ. ಎರಡು ದಿನ ಊಟದ ಹೊತ್ತೆಲ್ಲ ಬರೀ ಅಳು. ಮೂರನೇ ದಿನ ಚೇರನ್ನು ಮಡಚಿ ಒಳಗಿನ ಕೋಣೆಯಲ್ಲಿಟ್ಟೆ.

ಅಲ್ಲಿ ಆತುರಪಟ್ಟೆ. ಮುಂದೆ ಎಲ್ಲಿ ಕೂರಿಸಬೇಕು ಅನ್ನುವುದನ್ನೇ ಯೋಚಿಸಿರಲಿಲ್ಲ. ನಮ್ಮ ಕುರ್ಚಿಯ ಮೇಲೆ ಎರಡು ದಿಂಬು ಹಾಕಿ ಕೂರಿಸಿದೆ. ಅವಳು ಅಲ್ಲಾಡಿದಾಗಲೆಲ್ಲ ದಿಂಬು ಜಾರುತ್ತಿತ್ತು. ಕಾಲು ಗಾಳಿಯಲ್ಲಿ ಜೋತಾಡುತ್ತಿತ್ತು. ಹಿಡಿತಕ್ಕೆ ಏನೂ ಸಿಗದೆ ಟೇಬಲ್ಲಿನ ಬಟ್ಟೆಯನ್ನು ಹಿಡಿದು ಎಳೆದಳು. ಸಾರಿನ ಪಾತ್ರೆ ಮಗುಚಿತು. ಬಿಸಿ ಸಾರು ಇವರ ತಟ್ಟೆಯ ಕಡೆ ಹರಿಯಿತು, ಅವಳ ಕಡೆಗಲ್ಲ. ಆ ಬಟ್ಟೆ ಮತ್ತೆ ಟೇಬಲ್ ಮೇಲೆ ಬಂದಿಲ್ಲ. ಬಿಸಿ ಪಾತ್ರೆಗಳು ಈಗಲೂ ಅಡುಗೆ ಕಟ್ಟೆಯ ಮೇಲೇ ಇರುತ್ತವೆ, ಅಲ್ಲಿಂದಲೇ ಬಡಿಸುತ್ತೇವೆ.

ಆ ರಾತ್ರಿ ಅಳತೆ ಟೇಪು ಹಿಡಿದು ಕೂತೆ. ಟೇಬಲ್ಲಿನ ಎತ್ತರ 30 ಇಂಚು. ಕುರ್ಚಿಯ ಎತ್ತರ 18 ಇಂಚು. ನಡುವೆ 12 ಇಂಚು. ನಮಗೆ ಅದು ಹೊಟ್ಟೆಯ ಮಟ್ಟ, ಅವಳಿಗೆ ಗಲ್ಲದ ಮಟ್ಟ. ಗಲ್ಲದ ಎತ್ತರಕ್ಕೆ ತಟ್ಟೆ ಇಟ್ಟರೆ ನಾವಾದರೂ ಹೇಗೆ ಉಣ್ಣುತ್ತೇವೆ? ಮೊಣಕೈ ಟೇಬಲ್ ಮಟ್ಟಕ್ಕೆ ಬರಬೇಕಾದರೆ ಅವಳು ಇನ್ನೂ 5 ಇಂಚು ಮೇಲೆ ಕೂರಬೇಕಿತ್ತು. ಅಷ್ಟು ಮೇಲೆ ಕೂತರೆ ಕಾಲಿಗೆ ಬೇರೆ ಆಧಾರ ಬೇಕು. ಮಂಡಿಯಿಂದ ಅಂಗಾಲಿನವರೆಗೆ ಅಳೆದರೆ 8 ಇಂಚಿಗಿಂತ ಸ್ವಲ್ಪ ಜಾಸ್ತಿ. ಅಂದರೆ ಅವಳು ಕೂರುವ ಜಾಗದಿಂದ ಅಷ್ಟೇ ಕೆಳಗೆ ಒಂದು ಹಲಗೆ ಬೇಕು.

ಕಾಲಿನ ಆಧಾರದ ಬಗ್ಗೆ ಹುಡುಕುತ್ತಾ ಹೋದಾಗ ಒಂದು ವಿಷಯ ತಿಳಿಯಿತು. ಇದೇ ತೊಂದರೆ ನಾರ್ವೆಯ ವಿನ್ಯಾಸಗಾರ ಪೀಟರ್ ಒಪ್ಸ್‌ವಿಕ್ ಅವರ ಮನೆಯಲ್ಲೂ ಇತ್ತು. ಅವರ ಮಗನಿಗೆ ಆಗ ಎರಡು ವರ್ಷ. ಹೈ ಚೇರು ಹಿಡಿಸುತ್ತಿರಲಿಲ್ಲ, ದೊಡ್ಡವರ ಕುರ್ಚಿಯಲ್ಲಿ ಕಾಲು ಜೋತಾಡುತ್ತಿತ್ತು. ಅದನ್ನು ನೋಡಿ ಅವರು ಟ್ರಿಪ್ ಟ್ರ್ಯಾಪ್ ಎಂಬ ಕುರ್ಚಿ ಮಾಡಿದರು. 1972ರಲ್ಲಿ ಅದು ಮಾರುಕಟ್ಟೆಗೆ ಬಂತು. ಕೂರುವ ಹಲಗೆ, ಕಾಲಿಡುವ ಹಲಗೆ ಎರಡನ್ನೂ ಮಗು ಬೆಳೆದ ಹಾಗೆ ಕೆಳಗಿಳಿಸಬಹುದು. ಕೊಳ್ಳೋಣ ಅಂದರೆ ಅದರ ಬೆಲೆ ನಮ್ಮ ಕೈಗೆಟುಕುವಂಥದ್ದಲ್ಲ. ಆದರೆ ಒಳಗಿನ ಯೋಚನೆ ಸುಲಭವಾಗಿ ಅರ್ಥವಾಗುವಂಥದ್ದು. ನಾವಿರುವುದು ಶಿವಮೊಗ್ಗದಲ್ಲಿ. ಮನೆಗೆ ಕಿಟಕಿ ಬಾಗಿಲು ಮಾಡಿಕೊಟ್ಟಿದ್ದ ಆಚಾರ್ರನ್ನೇ ಕರೆದೆವು.

ಅವರು ನನ್ನ ಚೀಟಿ ನೋಡಿದರು. ಆಮೇಲೆ ಪುಟ್ಟಿಯನ್ನು ಕುರ್ಚಿಯಲ್ಲಿ ಕೂರಿಸಿ, ಎಬ್ಬಿಸಿ, ಮತ್ತೆ ಕೂರಿಸಿ ನೋಡಿದರು. "ಇದಕ್ಕೆ ಹಲಗೆ ಹೊಡೆಯೋದು ದೊಡ್ಡದಲ್ಲ ಅಕ್ಕ. ಮಗು ಅದರ ಮೇಲೆ ಮೆಟ್ಟಿ ನಿಂತ್ರೆ ಕುರ್ಚಿ ಮುಂದಕ್ಕೆ ಮುಗ್ಗರಿಸುತ್ತೆ. ಅದನ್ನ ಮೊದಲು ನೋಡ್ಬೇಕು" ಎಂದರು. ನನಗೆ ಇದು ಹೊಳೆದೇ ಇರಲಿಲ್ಲ. ಕುರ್ಚಿಯ ಕಾಲುಗಳ ಕೆಳಗೆ ಹಿಂದಕ್ಕೂ ಮುಂದಕ್ಕೂ ಚಾಚುವ ಹಾಗೆ ಎರಡು ಉದ್ದ ಪಟ್ಟಿ ಹೊಡೆದರು. ಮೇಲೆ 5 ಇಂಚಿನ ಪೆಟ್ಟಿಗೆ, ಅದಕ್ಕೊಂದು ಒರಗು, ಸೊಂಟಕ್ಕೆ ಬೆಲ್ಟ್. ಪೆಟ್ಟಿಗೆಯನ್ನು ಕುರ್ಚಿಗೇ ಸ್ಕ್ರೂ ಹಾಕಿ ಕೂರಿಸಿದರು. ಕೆಳಗೆ ಹಲಸಿನ ಮರದ ಒಂದು ಕಾಲುಹಲಗೆ. ಅದಕ್ಕೆ ಒಂದರ ಕೆಳಗೊಂದು ಮೂರು ತೂತು ಕೊರೆದು ಬೋಲ್ಟ್ ಹಾಕಿದರು. ಅಂಚುಗಳನ್ನೆಲ್ಲ ಉಜ್ಜಿ ಉಜ್ಜಿ ನುಣ್ಣಗೆ ಮಾಡಿಕೊಟ್ಟರು. ಮರಕ್ಕೂ ಕೂಲಿಗೂ ಸೇರಿ 1,400 ರೂಪಾಯಿ ಆಯಿತು. ಕುರ್ಚಿಯ ಬೆನ್ನು ಗೋಡೆಗೆ ತಾಗುವ ಹಾಗೆ ಇಡಲು ಹೇಳಿ ಹೋದರು. ಮಗು ಟೇಬಲ್ಲಿಗೆ ಕಾಲು ಕೊಟ್ಟು ತಳ್ಳಿದರೂ ಹಿಂದಕ್ಕೆ ಬೀಳುವುದಿಲ್ಲ.

ಮೊದಲ ದಿನವೇ ವ್ಯತ್ಯಾಸ ಕಂಡಿತು. ಅಂಗಾಲು ಹಲಗೆಗೆ ತಾಗಿದ ಕೂಡಲೇ ಅವಳ ಬೆನ್ನು ನೆಟ್ಟಗಾಯಿತು. ಕೈ ಎರಡೂ ಟೇಬಲ್ ಮೇಲೆ ಬಂದವು. ಕುರ್ಚಿಯಲ್ಲಿ ಹೊರಳಾಡುವುದು ಅರ್ಧಕ್ಕರ್ಧ ನಿಂತಿತು. ಕಾಲಿಗೆ ನೆಲೆ ಇಲ್ಲದಿದ್ದರೆ ಮಗುವಿನ ಗಮನವೆಲ್ಲ ಬೀಳದೆ ಕೂರುವುದರಲ್ಲೇ ಹೋಗುತ್ತದೆ. ಊಟಕ್ಕೆ ಎಲ್ಲಿಂದ ಗಮನ ಕೊಡುತ್ತದೆ, ಅಲ್ವಾ?

ಇಷ್ಟಾದರೂ ನಾಲ್ಕು ತುತ್ತಿಗೆ "ಇಳೀ" ಅನ್ನುತ್ತಿದ್ದಳು. ಏಕೆ ಅಂತ ತಿಳಿಯಲು ನನಗೆ ಒಂದು ವಾರ ಬೇಕಾಯಿತು. ಅವಳ ಊಟ ಏಳಕ್ಕೆ. ಇವರು ಕೆಲಸದಿಂದ ಬರುವುದು ಏಳೂವರೆಗೆ. ನಮ್ಮ ಊಟ ಒಂಬತ್ತಕ್ಕೆ, ಅವಳು ಮಲಗಿದ ಮೇಲೆ. ಅಂದರೆ ಜಾಗ ಮಾತ್ರ ಬದಲಾಗಿತ್ತು. ಟೇಬಲ್ಲಿನಲ್ಲಿ ಅವಳೊಬ್ಬಳೇ ಕೂತಿದ್ದಳು, ನಾನು ಎದುರಿಗೆ ಕೂತು ಅವಳ ಬಾಯನ್ನೇ ನೋಡುತ್ತಿದ್ದೆ. ಹುಟ್ಟಿ ಒಂದೂವರೆ ವರ್ಷವಾದರೂ ಅಪ್ಪ ಅಮ್ಮ ರಾತ್ರಿ ಉಣ್ಣುವುದನ್ನು ನನ್ನ ಮಗಳು ನೋಡಿಯೇ ಇರಲಿಲ್ಲ. ಇದು ಹೊಳೆದಾಗ ನನಗೆ ತುಂಬಾ ನೋವಾಯಿತು. ಅವಳು ಟ್ರೇ ಹತ್ತಿ ನೋಡುತ್ತಿದ್ದದ್ದು ಖಾಲಿ ಟೇಬಲ್ಲನ್ನು.

ಬದಲಾಗಬೇಕಾದದ್ದು ನಮ್ಮ ಹೊತ್ತು. ಮೂವರ ಊಟವನ್ನೂ ಏಳೂ ಮುಕ್ಕಾಲಿಗೆ ತಂದೆವು. ಇವರಿಗೆ ಮೊದಮೊದಲು ಕಷ್ಟವಾಯಿತು. ಬಂದ ತಕ್ಷಣ ಕೈಕಾಲು ತೊಳೆದು ತಟ್ಟೆಯ ಮುಂದೆ ಕೂರಬೇಕು. ಆದರೂ ಒಂದು ದಿನವೂ ತಪ್ಪಿಸಲಿಲ್ಲ. ಪುಟ್ಟಿಗೆ ಐದೂವರೆಗೆ ಒಂದು ಬಾಳೆಹಣ್ಣೋ ಅರ್ಧ ದೋಸೆಯೋ ಕೊಡುತ್ತೇನೆ. ಆಮೇಲೆ ನೀರು ಬಿಟ್ಟು ಏನೂ ಇಲ್ಲ, ಹಾಲು ಕೂಡ ಇಲ್ಲ. ಹಸಿವಾಗಿದ್ದರೆ ಮಗು ಕೂರುತ್ತದೆ. ಊಟಕ್ಕೆ ಅರ್ಧ ಗಂಟೆ ಮುಂಚೆ ಒಂದು ಲೋಟ ಹಾಲು ಕುಡಿಸಿ, ಆಮೇಲೆ ಉಣ್ಣುವುದಿಲ್ಲ ಎಂದು ಕೊರಗುವುದರಲ್ಲಿ ಅರ್ಥವಿಲ್ಲ. ಫೋನ್‌ಗಳು ಮೂರೂ ಹೊತ್ತು ಟೇಬಲ್ಲಿನಿಂದ ದೂರ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ ಎಂದು ಭಾರತೀಯ ಮಕ್ಕಳ ವೈದ್ಯರ ಸಂಘ 2021ರಲ್ಲೇ ಹೇಳಿದೆ. ಮಗುವಿಗೆ ಬೇಡ ಎಂದು ನಾವು ಮಾತ್ರ ನೋಡುತ್ತಾ ಕೂರಲಾಗುತ್ತದೆಯೇ?

ತಟ್ಟೆಗೆ ಏನು ಹಾಕಬೇಕು ಅನ್ನುವುದು ಅಷ್ಟು ಕಷ್ಟವಾಗಲಿಲ್ಲ. ವರ್ಷ ತುಂಬಿದ ಮಗು ಮನೆಯವರ ಅಡುಗೆಯನ್ನೇ ತಿನ್ನಬಹುದು. ಸಾರಿಗೆ ಉಪ್ಪು, ಖಾರದ ಪುಡಿ ಬೀಳುವ ಮೊದಲು ಅವಳ ಪಾಲನ್ನು ತೆಗೆದಿಡುತ್ತೇನೆ. ಪಲ್ಯವನ್ನು ಮೆತ್ತಗೆ ಬೇಯಿಸುತ್ತೇನೆ. ಆದರೆ ಒಂದು ಕಡೆ ತುಂಬಾ ಹುಷಾರಾಗಿರಬೇಕು. ನಮ್ಮ ತಟ್ಟೆಯ ಪಕ್ಕ ಕೂತ ಮಗು ನಮ್ಮ ತಟ್ಟೆಗೂ ಕೈ ಹಾಕುತ್ತದೆ. ಚಿತ್ರಾನ್ನದಲ್ಲಿ ಕಡಲೆಬೀಜ ಇರುತ್ತದೆ. ಉಪ್ಪಿಟ್ಟಿನ ಒಗ್ಗರಣೆಯಲ್ಲಿ ಗಟ್ಟಿ ಕಡಲೆಬೇಳೆ ಇರುತ್ತದೆ. ಇಡೀ ಕಡಲೆಬೀಜ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್ಟಿನ ತುಂಡು ಚಿಕ್ಕ ಮಕ್ಕಳ ಉಸಿರುನಾಳಕ್ಕೆ ಸಿಕ್ಕಿಕೊಳ್ಳಬಲ್ಲವು. ಅದಕ್ಕೇ ನಮ್ಮ ಚಿತ್ರಾನ್ನಕ್ಕೂ ಈಗ ಕಡಲೆಬೀಜವನ್ನು ಪುಡಿ ಮಾಡಿ ಹಾಕುತ್ತೇನೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡುತ್ತೇನೆ. ಕ್ಯಾರೆಟ್ ಬೇಯಿಸಿದ್ದು ಮಾತ್ರ.

ಎಲ್ಲಕ್ಕಿಂತ ಜಾಸ್ತಿ ದಿನ ಹಿಡಿದದ್ದು ಇಳಿದು ಓಡುವ ಅಭ್ಯಾಸ. ಹೈ ಚೇರಿನಿಂದ ತಾನಾಗಿ ಇಳಿಯಲು ಆಗುತ್ತಿರಲಿಲ್ಲ. ಈಗ ಬೆಲ್ಟ್ ಬಿಚ್ಚಿದರೆ ಕಾಲುಹಲಗೆಯ ಮೇಲೆ ಕಾಲಿಟ್ಟು ಇಳಿಯಬಹುದು. ಎರಡು ತುತ್ತು ತಿಂದು, "ಬಿಚ್ಚು" ಎಂದು ಹಟ ಹಿಡಿದು, ಇಳಿದು ಸೋಫಾ ಸುತ್ತ ಓಡುತ್ತಿದ್ದಳು. ಅದೇ ಹೊತ್ತಿಗೆ ಅತ್ತೆ ತೀರ್ಥಹಳ್ಳಿಯಿಂದ ಬಂದಿದ್ದರು. ಅವರು ಕೈಯಲ್ಲಿ ತುತ್ತು ಹಿಡಿದು ಹಿಂದೆಯೇ ಹೋಗುತ್ತಿದ್ದರು. "ಹಸಿದ ಹೊಟ್ಟೇಲಿ ಮಲಗಿಸ್ತೀಯೇನೇ ಮಾರಾಯ್ತಿ" ಎಂದು ನನ್ನ ಮೇಲೆ ಬೇಸರ ಮಾಡಿಕೊಂಡರು. ಆ ಕೈತುತ್ತಿನಲ್ಲಿ ಇರುವ ಪ್ರೀತಿ ನನಗೆ ಗೊತ್ತು. ನನ್ನ ಗಂಡ ಬೆಳೆದದ್ದೂ ಅದೇ ತುತ್ತಿನಿಂದ. ಹಾಗಾಗಿ ಎದುರು ಮಾತಾಡಲಿಲ್ಲ. ಪುಟ್ಟಿ ಮಲಗಿದ ಮೇಲೆ ಹತ್ತಿರ ಕೂತು ಹೇಳಿದೆ. ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಹೇಳುವ ಒಂದು ಮಾತು ನನಗೆ ಹಿಡಿಸಿತ್ತು. ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರ ಪಾಲು. ಉಣ್ಣಬೇಕೋ ಬೇಡವೋ, ಎಷ್ಟು ಉಣ್ಣಬೇಕು ಅನ್ನುವುದು ಮಗುವಿನ ಪಾಲು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಎಂಟು ದಿನ ನೋಡುವ" ಎಂದರು.

ಎಂಟು ದಿನ ಹೀಗೆ ಮಾಡಿದೆವು. ಇಳಿಯುತ್ತೇನೆ ಅಂದರೆ "ಸಾಕಾ?" ಎಂದು ಒಂದೇ ಸಲ ಕೇಳುವುದು. ಸಾಕು ಅಂದರೆ ಕೈ ಬಾಯಿ ಒರೆಸಿ ಇಳಿಸುವುದು, ತಟ್ಟೆ ಎತ್ತಿಡುವುದು. ಬೈಯುವುದಿಲ್ಲ, ಹಿಂದೆ ಓಡುವುದಿಲ್ಲ, ನಮ್ಮ ಊಟ ಬಿಟ್ಟು ಏಳುವುದಿಲ್ಲ. ನಾವು ತಟ್ಟೆಯ ಮುಂದೆ ಇರುವಷ್ಟು ಹೊತ್ತು ಅವಳು ವಾಪಸ್ ಬಂದರೆ ಮತ್ತೆ ಕೂರಿಸುವುದು, ಆದರೆ ಒಂದೇ ಸಲ. ಎರಡನೇ ರಾತ್ರಿ ಮೂರು ತುತ್ತಿಗೇ ಎದ್ದು ಹೋದಳು. ಮಲಗುವಾಗ "ಮಮ್ಮು" ಎಂದು ಅತ್ತಳು. ಅರ್ಧ ಲೋಟ ಹಾಲು ಕೊಟ್ಟೆ. ಬೆಳಿಗ್ಗೆವರೆಗೆ ನನಗೆ ನಿದ್ದೆ ಬರಲಿಲ್ಲ. ಮರುದಿನ ಬೆಳಿಗ್ಗೆ ಎರಡು ಇಡ್ಲಿ ತಿಂದಳು. ಐದನೇ ದಿನದ ಹೊತ್ತಿಗೆ ಸುಮಾರು ಹತ್ತು ನಿಮಿಷ ಕೂರತೊಡಗಿದಳು. ಈ ವಯಸ್ಸಿಗೆ ಅದೇ ಜಾಸ್ತಿ. ಇಪ್ಪತ್ತು ನಿಮಿಷ ಕೂರಲಿ ಎಂದು ನಾನು ಬಯಸುವುದನ್ನೇ ಬಿಟ್ಟೆ.

ಆಮೇಲೆ ಹಬ್ಬಕ್ಕೆ ತೀರ್ಥಹಳ್ಳಿಗೆ ಹೋದೆವು. ಅಲ್ಲಿ ಟೇಬಲ್ ಇಲ್ಲ. ಜಗಲಿಯಲ್ಲಿ ಸಾಲಾಗಿ ಮಣೆ, ಮುಂದೆ ಬಾಳೆ ಎಲೆ. ಬೆಲ್ಟ್ ಇಲ್ಲ, ಪೆಟ್ಟಿಗೆ ಇಲ್ಲ, ಮಗು ಎಲ್ಲಿಗೆ ಹೋದೀತೋ ಎಂದು ಹೆದರಿದ್ದೆ. ಅತ್ತೆ ಅವಳಿಗೆ ಒಂದು ಚಿಕ್ಕ ಮಣೆ ಹಾಕಿ, ಎಲೆಯ ತುದಿಯನ್ನು ಕತ್ತರಿಸಿ ಹಾಸಿದರು. ಆಚೆ ಈಚೆ ದೊಡ್ಡಪ್ಪನ ಮಕ್ಕಳು. ಪುಟ್ಟಿ ಚಕ್ಕಳಮಕ್ಕಳ ಹಾಕಿ ಕೂತಳು. ಪಕ್ಕದ ಅಣ್ಣ ಅನ್ನ ಕಲಸುವುದನ್ನು ನೋಡಿ ತಾನೂ ಐದು ಬೆರಳು ಊರಿ ಕಲಸಿದಳು. ಬಡಿಸಲು ಬಂದವರಿಗೆಲ್ಲ "ಹಾಕು" ಎಂದಳು. ಪಾಯಸ ಬರುವವರೆಗೂ ಏಳಲಿಲ್ಲ. ನೆಲದ ಮೇಲೆ ಬೀಳುವ ಭಯವಿಲ್ಲ, ಎತ್ತರದ ಲೆಕ್ಕವಿಲ್ಲ. ಮಗು ಎಷ್ಟು ಚಿಕ್ಕದಿದ್ದರೂ ಕಣ್ಣಿಗೆ ಕಣ್ಣು ಸಿಗುತ್ತದೆ. ನಿಮ್ಮ ಮನೆಯಲ್ಲಿ ನೆಲದ ಮೇಲೆ ಕೂತು ಉಣ್ಣುವ ರೂಢಿ ಇದ್ದರೆ ದಯವಿಟ್ಟು ಬಿಡಬೇಡಿ. ಹೈ ಚೇರು ಬಿಡಿಸಲು ಅದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ. ಅತ್ತೆ ಆ ಚಿಕ್ಕ ಮಣೆಯನ್ನು ನಮ್ಮ ಚೀಲಕ್ಕೇ ಹಾಕಿ ಕಳಿಸಿದರು. ಈಗ ಭಾನುವಾರದ ತಿಂಡಿ ನಾವು ಮೂವರೂ ಅಡುಗೆಮನೆಯ ನೆಲದ ಮೇಲೆ ತಿನ್ನುತ್ತೇವೆ.

ಪುಟ್ಟಿಗೆ ಈಗ ಎರಡು ವರ್ಷ ಐದು ತಿಂಗಳು. ಜ್ವರ ಬಂದಾಗ, ನೆಂಟರು ಬಂದಾಗ ಎಲ್ಲವೂ ಕೆಡುತ್ತದೆ. ಎರಡು ದಿನ ಬಿಟ್ಟು ಮತ್ತೆ ಶುರು ಮಾಡುತ್ತೇವೆ. ಅನ್ನ ನೆಲಕ್ಕೆ ಬೀಳುತ್ತದೆ, ಒರೆಸುತ್ತೇನೆ. ಏಳೂವರೆಗೆ ಅಪ್ಪನ ಗಾಡಿ ಸದ್ದು ಕೇಳಿದ ಕೂಡಲೇ ಸ್ಟೀಲ್ ಲೋಟಗಳನ್ನು ಒಂದೊಂದಾಗಿ ತಂದು ಟೇಬಲ್ಲಿನ ಅಂಚಿಗಿಡುತ್ತಾಳೆ. ಹೋದ ವಾರ ಅವಳ ಮಂಡಿ ಟೇಬಲ್ಲಿಗೆ ತಾಗುತ್ತಿದೆ ಅನಿಸಿತು. ಅಳೆದು ನೋಡಿದರೆ ಕಾಲು ಒಂದು ಇಂಚಿನಷ್ಟು ಬೆಳೆದಿದೆ. ಇವರು ಬೋಲ್ಟ್ ಬಿಚ್ಚಿ ಕಾಲುಹಲಗೆಯನ್ನು ಎರಡನೇ ತೂತಿಗೆ ಇಳಿಸಿದರು. ಕೆಳಗೆ ಇನ್ನೂ ಒಂದು ತೂತು ಉಳಿದಿದೆ.