ಹದಿನೇಳು ಹೆಜ್ಜೆಯ ಲೆಕ್ಕ

ನಾನು 800 ಮೀಟರ್ ಓಡುವವಳು. ಮಂಗಳೂರಿನ ಮಂಗಳಾ ಸ್ಟೇಡಿಯಂನಲ್ಲಿ ವರ್ಷಗಟ್ಟಲೆ ಸುತ್ತು ಹಾಕಿದ್ದು ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಕಾಲೇಜಿನ ಕೊನೆಯ ವರ್ಷ ನಮ್ಮ ತಂಡದ ಹರ್ಡಲ್ಸ್ (ಟ್ರ್ಯಾಕ್ ಮೇಲಿಟ್ಟ ಹತ್ತು ಅಡ್ಡತಡೆ ದಾಟುತ್ತಾ ಓಡುವ ಓಟ) ಹುಡುಗಿ ಕಾಲು ಉಳುಕಿಸಿಕೊಂಡಳು. ಮೀಟ್‌ಗೆ ಐದೇ ವಾರ. "ನಿನಗೆ ಸ್ಟ್ಯಾಮಿನಾ ಉಂಟಲ್ಲ ಮಾರಾಯ್ತಿ, 400 ಹರ್ಡಲ್ಸ್ ಓಡು. ಪಾಯಿಂಟ್ ಸಿಕ್ಕಿದ್ರೆ ಸಿಗ್ಲಿ" ಎಂದರು ಸರ್.

ನಮ್ಮ ಕಡೆ ಈ ಓಟ ಅಂದರೆ ಅಶ್ವಿನಿ ಅಕ್ಕುಂಜೆ. ಉಡುಪಿ ಜಿಲ್ಲೆಯವರು, 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 56.15 ಸೆಕೆಂಡಿಗೆ ಚಿನ್ನ ಗೆದ್ದವರು. ನನಗೆ ಹರ್ಡಲ್ ಇಲ್ಲದ 400ಕ್ಕೇ 63 ಬೇಕು. ಹಾಗಾಗಿ ದೊಡ್ಡ ಕನಸೇನೂ ಇರಲಿಲ್ಲ.

ಹೆಂಗಸರ 400ರಲ್ಲಿ ಹರ್ಡಲ್ ಎತ್ತರ 76.2 ಸೆಂಟಿಮೀಟರ್. ಹೆಚ್ಚುಕಡಿಮೆ ಊಟದ ಮೇಜಿನಷ್ಟು. ಇದೇನು ಮಹಾ ಅಂದುಕೊಂಡು ಮೊದಲ ದಿನ ತೋಡು ದಾಟುವ ಹಾಗೆ ಎರಡೂ ಮೊಣಕಾಲು ಎದೆಗೆ ತಂದು ಹಾರಿದೆ. ಕೆಳಗೆ ಬಿದ್ದ ಸದ್ದು ಆಚೆ ಲೇನಿನವರಿಗೂ ಕೇಳಿಸಿರಬೇಕು. ಬಿದ್ದ ಜಾಗದಲ್ಲೇ ಓಟ ಸತ್ತುಹೋಯಿತು. ಮತ್ತೆ ಸೊನ್ನೆಯಿಂದ ವೇಗ ಕೂಡಿಸಬೇಕು. ಇಂಥದ್ದು ಹತ್ತು ಸಲ ಮಾಡಿದರೆ ಗತಿ ಏನು?

ಮರುದಿನದಿಂದ ಓಟ ಬಂದ್, ಬರೀ ನಡಿಗೆ. ಹರ್ಡಲ್ ಪಕ್ಕದಲ್ಲಿ ನಡೆಯುತ್ತಾ ಹಿಂದಿನ ಕಾಲನ್ನು ಮಾತ್ರ ದಾಟಿಸಬೇಕು. ಮೊಣಕಾಲು ಪಕ್ಕಕ್ಕೆ ತೆರೆದು, ಕಂಕುಳ ಹತ್ತಿರಕ್ಕೆ ಬಂದು, ಆಮೇಲೆ ಮುಂದಕ್ಕೆ. ನಾವು ಎಂಟುನೂರರವರು ಕಾಲನ್ನು ಹಿಂದೆ ಮುಂದೆ ಬಿಟ್ಟು ಬೇರೆ ಕಡೆ ಆಡಿಸಿದವರೇ ಅಲ್ಲ. ಮೂರನೇ ದಿನ ತೊಡೆಸಂದಿ ನೋವಿಗೆ ಹಾಸ್ಟೆಲ್ ಮೆಟ್ಟಿಲು ಹತ್ತಲಾಗಲಿಲ್ಲ. ಆದರೂ ಹಾಸ್ಟೆಲ್ ಹಿಂದೆ ಎರಡು ಕೆಂಪುಕಲ್ಲಿನ ಮೇಲೆ ಪೈಪ್ ಇಟ್ಟು ಅಭ್ಯಾಸ ಮಾಡಿದೆ. ಪೈಪ್‌ಗೆ ಕಾಲು ತಾಗಿದರೆ ಉರುಳಿಹೋಗುತ್ತದೆ, ಹೆದರಿಕೆ ಇಲ್ಲ.

ನಿಜವಾದ ಹರ್ಡಲ್ ಕೂಡ ತಾಗಿದರೆ ಮುಂದಕ್ಕೆ ಬೀಳುತ್ತದೆ. ಆದರೆ ಸರಿಯಾದ ಕಡೆಯಿಂದ ಬಂದರೆ ಮಾತ್ರ. ಅದರ ಕೆಳಗಿನ ಪಾದಗಳು ಓಡಿ ಬರುವವರ ಕಡೆಗೆ ಚಾಚಿರುತ್ತವೆ. ಒಂದು ಸಂಜೆ ಸೋಮಾರಿತನಕ್ಕೆ, ವಾಪಸ್ ಬರುವಾಗಲೂ ಅದೇ ಹರ್ಡಲ್ ದಾಟಿಬಿಡೋಣ ಅಂತ ಉಲ್ಟಾ ಕಡೆಯಿಂದ ಓಡಿದೆ. ಕಾಲು ತಾಗಿತು. ಹರ್ಡಲ್ ಜಗ್ಗಲಿಲ್ಲ, ನಾನು ಜಗ್ಗಿದೆ. ಮೊಣಕಾಲಿನ ಆ ಗುರುತು ಇವತ್ತಿಗೂ ಇದೆ.

ಆದರೆ ನನ್ನನ್ನು ನಿಜವಾಗಿ ಕಾಡಿದ್ದು ಲೆಕ್ಕ. ಮೊದಲ ಹರ್ಡಲ್‌ಗೆ 45 ಮೀಟರ್, ಆಮೇಲೆ ಒಂದೊಂದಕ್ಕೂ 35, ಕೊನೆಯದರಿಂದ ಮುಗಿಯುವ ಗೆರೆಗೆ 40. ನನ್ನ ಹೆಜ್ಜೆಗೆ ನಡುವಿನ ದೂರ 17ಕ್ಕೆ ಕೂರುತ್ತಿತ್ತು. ಬೆಸ ಸಂಖ್ಯೆ ಆದರೆ ಪ್ರತಿ ಸಲವೂ ಎಡಗಾಲೇ ಮುಂದೆ ಬರುತ್ತದೆ. ತಿರುವಿನಲ್ಲಿ ಎಡಗಾಲು ಮುಂದಿದ್ದರೇ ಒಳ್ಳೆಯದು. ಬಲಗಾಲು ಮುಂದಿಟ್ಟರೆ ಹಿಂದೆ ಬರುವ ಎಡಗಾಲು ಹರ್ಡಲ್‌ನ ಒಳಬದಿಯಲ್ಲಿ, ಅದರ ಮೇಲಿನ ಅಡ್ಡಪಟ್ಟಿಗಿಂತ ಕೆಳಗೆ ಹಾದುಹೋಗಬಹುದು. ಹಾಗಾದರೆ ಔಟ್. ಸುಸ್ತಾಗಿ ಹೆಜ್ಜೆ ಚಿಕ್ಕದಾಗಿ 18 ಆಯಿತೋ, ಕಾಲು ಅದಲುಬದಲು. ನನಗೋ ಬಲಗಾಲಲ್ಲಿ ದಾಟಲು ಬರುತ್ತಲೇ ಇರಲಿಲ್ಲ. 800ರಲ್ಲಿ ಯಾರಾದರೂ ಅಡ್ಡ ಬಂದರೆ ಹೆಜ್ಜೆ ಕತ್ತರಿಸಿ ಹೊಂದಿಸಿಕೊಳ್ಳುತ್ತೇವಲ್ವಾ, ಆ ಅಭ್ಯಾಸವೇ ಇಲ್ಲಿ ಶತ್ರು. ಹರ್ಡಲ್ ಕಂಡ ಕೂಡಲೇ ಕಾಲು ತಾನಾಗಿ ತಕತಕ ಕುಣಿಯುತ್ತಿತ್ತು.

ಬ್ಲಾಕ್ಸ್, ಅಂದರೆ ಶುರುವಿಗೆ ಪಾದ ಒತ್ತಿ ಹೊರಡುವ ಆಸರೆ, ಅದೂ ಹೊಸದು. ನಮ್ಮ ಓಟಕ್ಕೆ ನಿಂತೇ ಶುರು, "ಸೆಟ್" ಅನ್ನುವ ಮಾತೇ ಇಲ್ಲ. ಮೊದಲ ಸಲ "ಸೆಟ್" ಅಂದಾಗ ಹೊರಡುವ ಸದ್ದಿಗೆ ಕಾಯದೆ ಎದ್ದು ಓಡಿಯೇಬಿಟ್ಟೆ. ಎಲ್ಲರೂ ನಕ್ಕರು.

ಮೀಟ್ ದಿನ ಆರು ಜನ ಇದ್ದೆವು. ಐದನೇ ಹರ್ಡಲ್‌ವರೆಗೆ 17 ಸಲೀಸಾಗಿ ಬಂತು. ಆರರ ಮುಂದೆ ಹೆಜ್ಜೆ ಸಾಲಲಿಲ್ಲ, ಚಿಕ್ಕ ಹೆಜ್ಜೆಯಲ್ಲಿ 19 ಹಾಕಿದೆ. ಏಳರ ಮುಂದೆ ಅದೂ ಕೈಕೊಟ್ಟಿತು, ಹೆಚ್ಚುಕಡಿಮೆ ನಿಂತು ದಾಟಿದೆ. 1984ರ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ ಇದೇ ಓಟದಲ್ಲಿ ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಕಂಚು ಕಳಕೊಂಡರು. ಅಲ್ಲಿ ಹಾಗೆ, ಇಲ್ಲಿ ನಾನು ಒಂದೇ ಹರ್ಡಲ್‌ನಲ್ಲಿ ಒಂದು ಸೆಕೆಂಡ್ ಚೆಲ್ಲಿದೆ.

ಒಂಬತ್ತರ ಹತ್ತಿರ ಮಾತ್ರ ಮುಂದಿನವರು ಹತ್ತಿರ ಬಂದ ಹಾಗೆ ಕಂಡಿತು. ಅವರ ಕಾಲು ಸೋತಿತ್ತು, ನನ್ನದರಲ್ಲಿ ಇನ್ನೂ ಇತ್ತು. ಕೊನೆಯ 40 ಮೀಟರ್‌ನಲ್ಲಿ ಇಬ್ಬರನ್ನು ದಾಟಿ ಮೂರನೆಯವಳಾದೆ. 74.8 ಸೆಕೆಂಡ್.

ಅದೇ ಸಂಜೆ 800 ಫೈನಲ್. ಬಲಸೊಂಟ ಹಿಡಿದುಕೊಂಡಿತ್ತು. ನನ್ನದೇ ಓಟದಲ್ಲಿ ಐದನೆಯವಳಾಗಿ ಮುಗಿಸಿದೆ. ಪಾಯಿಂಟ್ ಬಂದದ್ದು ಹರ್ಡಲ್ಸ್‌ನದ್ದು ಮಾತ್ರ.