ತುಂಗಭದ್ರೆಯ ನೀರುನಾಯಿಗಳ ಪರವಾಗಿ ಬರೆಯುವವರಿಗೆ

ಬಳ್ಳಾರಿ, ಕೊಪ್ಪಳ ಸೀಮೆಯ ನೀರುನಾಯಿಗಳ ಪರವಾಗಿ ಲೇಖನ ಬರೆಯಲು ಅಥವಾ ಮನವಿ ಸಲ್ಲಿಸಲು ಬಯಸುವವರು ಬ್ರಿಟನ್ನಿನ ಅನುಭವವನ್ನು ಮೊದಲು ಗಮನಿಸಬೇಕು. ಅಲ್ಲಿ 1950ರ ದಶಕದ ಕೊನೆಯಿಂದ ನೀರುನಾಯಿಗಳು ವೇಗವಾಗಿ ಕಡಿಮೆಯಾದವು. ಬೀಜೋಪಚಾರಕ್ಕೂ ಕುರಿಗಳ ಮೈ ತೊಳೆಯಲೂ ಬಳಸುತ್ತಿದ್ದ ಡೀಲ್ಡ್ರಿನ್‌ನಂತಹ ಕೀಟನಾಶಕಗಳು ನದಿ ಸೇರಿದ್ದೇ ಇದಕ್ಕೆ ಮುಖ್ಯ ಕಾರಣ. ಆ ವಿಷಗಳಿಗೆ ಕಡಿವಾಣ ಬಿದ್ದು, 1978ರಲ್ಲಿ ಕಾನೂನಿನ ರಕ್ಷಣೆಯೂ ದೊರೆತ ಮೇಲೆ, ಇಂಗ್ಲೆಂಡಿನ ಎಲ್ಲ ಕೌಂಟಿಗಳಿಗೂ ಅವು ಮರಳಿವೆಯೆಂದು ಘೋಷಿಸಲಾದದ್ದು 2011ರಲ್ಲಿ. ಭತ್ತದ ಗದ್ದೆಗಳ ನೀರು ಹೊಳೆಗೆ ಬಸಿಯುವ ಗಂಗಾವತಿ, ಸಿಂಧನೂರಿನವರಿಗೆ ಈ ಸಂಗತಿ ದೂರದ್ದೆನಿಸಬಾರದು.

ಬ್ರಿಟನ್ನಿನ ಸಮೀಕ್ಷೆಗಳು ನಿಂತಿದ್ದು ನೀರುನಾಯಿಗಳ ಹಿಕ್ಕೆಗಳ ಮೇಲೆ. ನೀವೂ ಹೊಳೆದಂಡೆಯ ಬಂಡೆಗಳ ಮೇಲೆ ಹುಡುಕಿ: ಹಿಕ್ಕೆಯಲ್ಲಿ ಮೀನಿನ ಹುರುಪೆ, ಸಣ್ಣ ಮುಳ್ಳು, ಏಡಿ ಚಿಪ್ಪಿನ ಚೂರುಗಳು ಕಾಣುತ್ತವೆ, ಮೀನಿನ ಕಟುವಾಸನೆ ಮೂಗಿಗೆ ಬಡಿಯುತ್ತದೆ. ದಿನಾಂಕ, ವೇಳೆ, ಸ್ಥಳಗಳನ್ನು ಅಲ್ಲೇ ಬರೆದುಕೊಳ್ಳಿ. ಆದರೆ ಮರಿಗಳಿರುವ ಬಿಲದ ಜಾಗವನ್ನು ಲೇಖನದಲ್ಲಿ ಎಂದಿಗೂ ಸೂಚಿಸಬೇಡಿ.

ಮನವಿಯಲ್ಲಿ ಒಂದೇ ಬೇಡಿಕೆಯಿರಲಿ. ಸಿಡಿಮದ್ದಿನ ಮೀನುಗಾರಿಕೆಯ ವಿರುದ್ಧ ಮತ್ತು ಮರಳು ತೆಗೆಯುವಿಕೆಯ ವಿರುದ್ಧ ಬೇರೆ ಬೇರೆ ಮನವಿಗಳೇ ಬೇಕು. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ನದಿಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದ್ದು, ನೀವು ಗುರುತಿಸಿದ ಜಾಗ ಅದರೊಳಗಿದ್ದರೆ ಆ ಮಾತನ್ನು ಮೊದಲ ಸಾಲಿನಲ್ಲೇ ಬರೆಯಿರಿ. ನೀರುನಾಯಿಗಳಿಂದ ಬಲೆ ಹರಿದುಕೊಂಡ ಮೀನುಗಾರರ ನಷ್ಟವನ್ನೂ ಅಷ್ಟೇ ಕಾಳಜಿಯಿಂದ ದಾಖಲಿಸಿ, ಸಾಧ್ಯವಾದರೆ ಅವರ ಸಹಿಯೊಂದಿಗೇ ಅರಣ್ಯ ಇಲಾಖೆಗೆ ಸಲ್ಲಿಸಿ, ಸ್ವೀಕೃತಿ ಪಡೆಯಿರಿ.