ಮಾತ್ರೆಯಿಲ್ಲದೆ ಆತಂಕ ಹಿಡಿತಕ್ಕೆ ಬಂದದ್ದು: ನನ್ನ ಅನುಭವ

ಉಸಿರಾಟದಿಂದ ಆತಂಕ ಇಳಿಸುತ್ತೇನೆ ಎಂದರೆ ತುಟಿಯಂಚಲ್ಲಿ ನಗುವವರೇ ಹೆಚ್ಚು. ಅವರ ಅನುಮಾನದಲ್ಲಿ ಅರ್ಧ ಸತ್ಯ ಇದ್ದೇ ಇದೆ. ಗಾಬರಿ ಬಂದ ಕ್ಷಣದಲ್ಲಿ ಅದನ್ನು ಓಡಿಸಲೆಂದೇ ಉಸಿರಾಟಕ್ಕೆ ಕೂತರೆ ಕೆಲಸ ಕೆಡುತ್ತದೆ. ಆತಂಕ ಎಷ್ಟಿದೆ ಎಂದು ಏಳು ಪ್ರಶ್ನೆಗಳಲ್ಲಿ ಅಳೆಯುವ ಜಿಎಡಿ-7 ಪ್ರಶ್ನಾವಳಿಯನ್ನು ಎರಡು ವಾರಕ್ಕೊಮ್ಮೆ ತುಂಬುವುದು ನನ್ನ ರೂಢಿ; ಅಂಕ ಹೆಚ್ಚಿದಷ್ಟೂ ಆತಂಕ ಹೆಚ್ಚು. ಶುರುವಿನಲ್ಲಿ 21ಕ್ಕೆ 14-15ರ ಆಸುಪಾಸು ಇತ್ತು. ಈಗ ವರ್ಷದ ಮೇಲಾಯಿತು, ಹೆಚ್ಚುಕಡಿಮೆ ನಾಲ್ಕೈದರಲ್ಲೇ ನಿಂತಿದೆ. ‘ಅದೆಲ್ಲ ಸುಮ್ಮನೆ ಮನಸ್ಸಿನ ಸಮಾಧಾನಕ್ಕೆ’ ಎಂದಿದ್ದವರೇ ಈಗ ವಿಧಾನ ಕೇಳುತ್ತಿದ್ದಾರೆ.

ಮೊದಲು ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಹೆಚ್ಚು ಕೆಲಸ ಮಾಡಿದರೂ ರಕ್ತಹೀನತೆಯಿದ್ದರೂ ಎದೆ ಢವಢವ ಎನ್ನುತ್ತದೆ, ಅದಕ್ಕೆ ಇಲ್ಲಿನ ಯಾವ ಅಭ್ಯಾಸವೂ ಉತ್ತರವಲ್ಲ. ಈಗಾಗಲೇ ಮಾತ್ರೆಯಲ್ಲಿರುವವರು ಇದನ್ನು ಓದಿ ನಿಲ್ಲಿಸಬೇಡಿ. ಆತಂಕಕ್ಕೆ, ನಿದ್ದೆಗೆ ಕೊಡುವ ಬೆಂಜೊಡಯಜೆಪೈನ್ ಗುಂಪಿನ ಮಾತ್ರೆ ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವುದೂ ಉಂಟು.

ಇನ್ನು ಕೆಫೀನ್. ಅದರ ಅರ್ಧಾಯು ಸುಮಾರು ಐದು ಗಂಟೆ, ಅಂದರೆ ಸಂಜೆ ಐದಕ್ಕೆ ಕುಡಿದ ಕಾಫಿಯ ಅರ್ಧ ಪಾಲು ರಾತ್ರಿ ಹತ್ತಕ್ಕೂ ಮೈಯಲ್ಲಿರುತ್ತದೆ. ಆರೋಗ್ಯವಂತರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ತೊಂದರೆಯಿಲ್ಲ ಎನ್ನುತ್ತಾರೆ. ಆತಂಕದ ಮೈಗೆ ಅದರ ಅರ್ಧವೂ ಜಾಸ್ತಿಯಾಗಬಹುದು. ಆದರೆ ಒಂದೇ ದಿನಕ್ಕೆ ಪೂರ್ತಿ ಬಿಟ್ಟವರಿಗೆ ಹೆಚ್ಚು ದಿನ ಹಾಗೇ ಇರಲಾಗುವುದಿಲ್ಲ. 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗಿ ಒಂದೆರಡು ದಿನದಲ್ಲಿ ಏರುತ್ತದೆ, ಜೊತೆಗೆ ಕಿರಿಕಿರಿ. ಅದನ್ನೇ ಆತಂಕ ಹೆಚ್ಚಾಯಿತು ಎಂದುಕೊಂಡು ಮತ್ತೆ ಲೋಟ ಹಿಡಿಯುತ್ತಾರೆ. ನಾಲ್ಕೈದು ದಿನಕ್ಕೊಮ್ಮೆ ಕಾಲು ಭಾಗ ಇಳಿಸುತ್ತ ಹೋಗಿ, ಕೊನೆಗೆ ಮಧ್ಯಾಹ್ನಕ್ಕೆ ಮುಂಚಿನ ಒಂದು ಸಣ್ಣ ಲೋಟಕ್ಕೆ ನಿಲ್ಲಿಸಿದರೆ ಸಾಕು. ನನ್ನ ಅಂಕದಲ್ಲಿ ಮೊದಲ ಎರಡು ಮೂರು ಇಳಿದದ್ದು ಬರೀ ಇದರಿಂದ.

ಉಸಿರಾಟದಲ್ಲಿ ಎಲ್ಲರೂ ಎಡವುವುದು ‘ದೀರ್ಘವಾಗಿ ಉಸಿರೆಳೆಯಿರಿ’ ಎಂಬ ಮಾತಿನಲ್ಲಿ. ಗಾಬರಿಯಲ್ಲಿರುವವರು ಆಗಲೇ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಎಳೆಯುತ್ತಿರುತ್ತಾರೆ. ಮತ್ತಷ್ಟು ಎಳೆದರೆ ರಕ್ತದ ಕಾರ್ಬನ್ ಡೈಆಕ್ಸೈಡ್ ಇನ್ನೂ ಇಳಿದು ಬೆರಳ ತುದಿ ಜೋಮುಗಟ್ಟುತ್ತದೆ, ತಲೆ ಹಗುರಾಗುತ್ತದೆ, ಗಾಬರಿ ದುಪ್ಪಟ್ಟಾಗುತ್ತದೆ. ಬೇಕಿರುವುದು ನಿಧಾನ, ಅದೂ ಕಡಿಮೆ ಗಾಳಿಯಲ್ಲಿ. ಮೂಗಿನಿಂದ ನಾಲ್ಕು ಸೆಕೆಂಡ್ ಒಳಗೆ, ಆರು ಸೆಕೆಂಡ್ ಹೊರಗೆ, ನಿಮಿಷಕ್ಕೆ ಆರು ಉಸಿರು. ಎದೆಯ ಮೇಲೊಂದು ಕೈ, ಹೊಟ್ಟೆಯ ಮೇಲೊಂದು ಕೈ. ಮೇಲಿನ ಕೈ ಅಲುಗಬಾರದು. ಪಕ್ಕದಲ್ಲಿ ಕೂತವರಿಗೆ ಉಸಿರಿನ ಸದ್ದು ಕೇಳಿದರೆ ಗಾಳಿ ಜಾಸ್ತಿಯಾಯಿತೆಂದೇ ಅರ್ಥ. ಹತ್ತು ನಿಮಿಷ, ದಿನಕ್ಕೆರಡು ಸಲ, ಮನಸ್ಸು ನೆಟ್ಟಗಿರುವ ಹೊತ್ತಿನಲ್ಲಿ. ಈ ವೇಗದಲ್ಲಿ ಒಂದು ಉಸಿರಿಗೆ ಹತ್ತು ಸೆಕೆಂಡ್ ಹಿಡಿಯುತ್ತದೆ. ರಕ್ತದೊತ್ತಡವನ್ನು ಸರಿದೂಗಿಸುವ ನರಗಳ ಏರಿಳಿತದ ಲಯವೂ ಹೆಚ್ಚುಕಡಿಮೆ ಅಷ್ಟೇ, ಆದ್ದರಿಂದ ಎರಡೂ ಕೂಡಿಕೊಂಡು ಹೃದಯದ ಲಯ ದೊಡ್ಡದಾಗಿ ಏರಿಳಿಯುತ್ತದೆ.

ನನಗೆ ಸರಿಹೊಂದುವ ಉಸಿರಿನ ವೇಗ ಯಾವುದೆಂದು ನೋಡಲು ಹೃದಯಬಡಿತ ಅಳೆಯುವ ಎದೆಪಟ್ಟಿ ಕಟ್ಟಿಕೊಂಡು ಅಳೆದದ್ದೂ ಇದೆ. ನಿಮಿಷಕ್ಕೆ ಐದೂವರೆ ಉಸಿರಿನ ಹತ್ತಿರ ಎಂದು ತೋರಿಸಿತು. ಆರಕ್ಕೂ ಐದೂವರೆಗೂ ಅನುಭವದಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಜೋಡಿ ಉಸಿರಿನ ನಿಟ್ಟುಸಿರನ್ನೂ ಪ್ರಯೋಗ ಮಾಡಿದೆ: ಮೂಗಿನಿಂದ ಒಮ್ಮೆ ಎಳೆದು, ಅದರ ಮೇಲೆ ಇನ್ನೊಂದು ಚಿಕ್ಕ ಎಳೆತ, ಆಮೇಲೆ ಬಾಯಿಂದ ಉದ್ದಕ್ಕೆ ಬಿಡುವುದು. 2023ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಪ್ರಕಟಿಸಿದ ಪ್ರಯೋಗದಲ್ಲಿ ದಿನಕ್ಕೆ ಐದು ನಿಮಿಷದಂತೆ ಒಂದು ತಿಂಗಳು ಇದನ್ನು ಮಾಡಿದವರ ಮನಸ್ಥಿತಿ ಧ್ಯಾನ ಮಾಡಿದವರಿಗಿಂತ ಹೆಚ್ಚು ಸುಧಾರಿಸಿತ್ತು. ಕೆಲಸಕ್ಕೆ ಕೂರುವ ಮುಂಚೆ ಚೆನ್ನಾಗಿದೆ. ನಿದ್ದೆಗೆ ಏನೂ ಉಪಯೋಗ ಕಾಣಲಿಲ್ಲ.

ಒಂದೊಂದೇ ಸ್ನಾಯು ಗುಂಪನ್ನು ಬಿಗಿಹಿಡಿದು ಬಿಡುವ ಸ್ನಾಯು ಸಡಿಲಿಕೆಯನ್ನು ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ರೂಪಿಸಿ ಹತ್ತಿರ ಹತ್ತಿರ ನೂರು ವರ್ಷವಾಯಿತು. ಬಿಗಿಹಿಡಿಯುವುದು ಐದರಿಂದ ಏಳು ಸೆಕೆಂಡ್, ಬಿಟ್ಟ ಮೇಲೆ ಗಮನ ಇಪ್ಪತ್ತು ಮೂವತ್ತು ಸೆಕೆಂಡ್. ಪೂರ್ತಿ ಬಲ ಹಾಕಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ಕತ್ತು ನೋಯುತ್ತದೆ. ಮುಕ್ಕಾಲು ಬಲ ಸಾಕು. ಬಿಡುವಾಗ ಮೆಲ್ಲಗೆ ಬಿಡಬಾರದು, ದಾರ ಕತ್ತರಿಸಿದ ಹಾಗೆ ಒಮ್ಮೆಲೇ ಬಿಡಬೇಕು. ಹದಿನಾರು ಸ್ನಾಯು ಗುಂಪಿನಿಂದ ಶುರುಮಾಡಿ ಏಳಕ್ಕೆ, ನಾಲ್ಕಕ್ಕೆ, ಕೊನೆಗೆ ಬಿಗಿಯದೆ ಬರೀ ಸಡಿಲಿಸುವುದಕ್ಕೆ ಬರಬೇಕು. ಹದಿನಾರರಲ್ಲೇ ವರ್ಷಗಟ್ಟಲೆ ಉಳಿದವರಿಗೆ ಮನೆಯ ಚಾಪೆಯ ಮೇಲೆ ಮಾತ್ರ ಸಡಿಲಿಸಲು ಬರುತ್ತದೆ, ಸಾಲಿನಲ್ಲಿ ನಿಂತಾಗ ಬರುವುದಿಲ್ಲ. ಉಸಿರು ಬಿಡುವಾಗ ಒಂದು ಪದವನ್ನು ಜೋಡಿಸಿಕೊಂಡರೆ ಮುಂದೆ ಆ ಪದವೇ ಕೆಲಸ ಮಾಡುತ್ತದೆ. ನನ್ನ ಪದ ಯಾವುದು, ಹೇಗೆ ಆರಿಸಿದೆ ಎಂಬುದು ನನಗಿರಲಿ. ಸಡಿಲವಾಗುತ್ತಿದ್ದಂತೆ ಗಾಬರಿ ಏರುವವರೂ ಇದ್ದಾರೆ. ಅವರು ಕಣ್ಣು ತೆರೆದು, ಮಲಗದೆ ಕೂತು ಮಾಡಬೇಕು.

ಚಿಂತೆಗೆ ಅರ್ಧ ಗಂಟೆ ನಿಗದಿ ಮಾಡುವುದು ಅಮೆರಿಕದ ಮನಶ್ಶಾಸ್ತ್ರಜ್ಞ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಬರೆದ ಉಪಾಯ. ದಿನವೂ ಅದೇ ಹೊತ್ತು, ಅದೇ ಕುರ್ಚಿ, ಮಲಗುವ ಹೊತ್ತಿಗೆ ಹತ್ತಿರವಲ್ಲ. ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ ಚೀಟಿಯಲ್ಲಿ ಎರಡು ಮೂರು ಪದ, ಅಷ್ಟೇ. ವಾಕ್ಯ ಬರೆದರೆ ಅಲ್ಲೇ ಚಿಂತಿಸತೊಡಗಿದಂತೆ. ಟೈಮರ್ ಹೊಡೆದಾಗ ಅರ್ಧಕ್ಕೇ ಏಳಬೇಕು. ಸಂಜೆಗೆ ಚೀಟಿಯ ಅರ್ಧದಷ್ಟು ಸಾಲು ಓದಿದರೆ ‘ಇದಕ್ಕೇಕೆ ಇಷ್ಟು’ ಅನ್ನಿಸುತ್ತದೆ.

ಆದರೆ ಅಂಕ ನಿಜವಾಗಿ ಬಿದ್ದದ್ದು ಇವುಗಳಿಂದ ಅಲ್ಲ. ಎದೆಬಡಿತ, ತಲೆಸುತ್ತು, ಉಸಿರುಕಟ್ಟುವಿಕೆ, ಈ ಲಕ್ಷಣಗಳನ್ನು ಬೇಕೆಂದೇ ಬರಿಸಿಕೊಂಡಾಗ. ತೆಳು ಸ್ಟ್ರಾ ಬಾಯಲ್ಲಿಟ್ಟು ಮೂಗು ಹಿಡಿದು ಎರಡು ನಿಮಿಷ ಉಸಿರಾಟ. ತಿರುಗುವ ಕುರ್ಚಿಯಲ್ಲಿ ಒಂದು ನಿಮಿಷ ಗಿರಗಿರ. ನಿಂತಲ್ಲೇ ಒಂದು ನಿಮಿಷ ಓಟ. ಒಂದು ನಿಮಿಷ ಜೋರು ಉಸಿರಾಟ. ಹೃದಯದ ತೊಂದರೆ, ಆಸ್ತಮಾ, ಮೂರ್ಛೆರೋಗ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು.

ಪ್ರತಿ ಸಲ ಮುಂಚೆ ಬರೆದಿಡಬೇಕಾದದ್ದು: ಏನಾಗುತ್ತದೆಂದು ಭಯ, ಎಷ್ಟರ ಮಟ್ಟಿಗೆ ನಂಬಿಕೆ. ಆದ ಮೇಲೆ: ಆಯಿತೋ ಇಲ್ಲವೋ, ಭಯ ಸೊನ್ನೆಯಿಂದ ನೂರರಲ್ಲಿ ಎಷ್ಟು. ಒಂದು ಸಾಲು ಹೀಗಿತ್ತು: ‘ಸ್ಟ್ರಾ. ಪ್ರಜ್ಞೆ ತಪ್ಪುತ್ತದೆ, ನಂಬಿಕೆ 70. ತಪ್ಪಲಿಲ್ಲ. ಭಯ 65.’ ಕೆಲವು ಪುಟದ ನಂತರ ಅದೇ ಸ್ಟ್ರಾಕ್ಕೆ ನಂಬಿಕೆ 5, ಭಯ 20. ಗಮನಿಸಿ, ಮೊದಲು ಕುಸಿದದ್ದು ನಂಬಿಕೆ. ಭಯ ಹಿಂದಿನಿಂದ ನಿಧಾನಕ್ಕೆ ಬಂತು. ಭಯದ ಅಂಕಿ ಮಾತ್ರ ನೋಡುವವರು ವಾರದಲ್ಲೇ ಕೈಬಿಡುತ್ತಾರೆ.

ಇಲ್ಲಿ ಕೆಡುವುದು ಮೂರು ಕಡೆ. ಲಕ್ಷಣ ಏರುತ್ತಿರುವಾಗಲೇ ನಿಲ್ಲಿಸಿದರೆ, ನಿಲ್ಲಿಸಿದ್ದರಿಂದ ಬಚಾವಾದೆ ಎಂದು ಮೈ ಕಲಿಯುತ್ತದೆ. ಮನೆಯಲ್ಲಿ ಮಾತ್ರ ಮಾಡಿದರೆ ಧೈರ್ಯ ಮನೆಗೆ ಮಾತ್ರ ಸೀಮಿತ. ಮೆಟ್ಟಿಲು ಹತ್ತಿ ಏದುಸಿರಿನಲ್ಲೇ ಜನರ ಮಧ್ಯೆ ಹೋಗಬೇಕು. ಮೂರನೆಯದು, ಎಲ್ಲಕ್ಕಿಂತ ಗುಟ್ಟಾಗಿ ಕೆಡಿಸುವಂಥದ್ದು: ಧೈರ್ಯಕ್ಕೆಂದು ಹಿಡಿದುಕೊಳ್ಳುವ ಊರುಗೋಲುಗಳು. ಜೇಬಿನಲ್ಲಿ ನೀರಿನ ಬಾಟಲಿ, ನಾಡಿ ಹಿಡಿದು ನೋಡುವುದು, ಬಾಗಿಲ ಪಕ್ಕದ ಸೀಟು, ಫೋನಿನಲ್ಲಿ ಒಬ್ಬರ ನಂಬರ್ ತೆರೆದಿಡುವುದು. ಹೇಳಲು ಬೇಸರವೇ, ಆದರೆ ಮೇಲೆ ಹೊಗಳಿದ ನಿಧಾನ ಉಸಿರೂ ಗಾಬರಿಯ ನಡುವೆ ಬಳಸಿದರೆ ಇದೇ ಸಾಲಿಗೆ ಸೇರುತ್ತದೆ. ಒಂದೊಂದು ವಾರಕ್ಕೆ ಒಂದೊಂದು ಬಿಡಬೇಕು, ಸುಲಭದ್ದು ಮೊದಲು. ನಾಡಿ ನೋಡುವುದನ್ನು ಬಿಡಲು ಕೈಗಡಿಯಾರವನ್ನೇ ಬಿಚ್ಚಿಡಬೇಕಾಗುತ್ತದೆ.

ದುಡ್ಡಿನ ಮಾತು. ಭಾರದ ಕಂಬಳಿ, ಎದೆಪಟ್ಟಿ, ಎರಡು ಆ್ಯಪ್‌ಗಳ ವಾರ್ಷಿಕ ಚಂದಾ, ತಲೆಗೆ ಕಟ್ಟುವ ಮಿದುಳುತರಂಗದ ಪಟ್ಟಿ, ಎಲ್ಲ ಸೇರಿ ಹತ್ತಿರ ಹತ್ತಿರ ಒಂದು ತಿಂಗಳ ಸಂಬಳ ಹೋಯಿತು. ಕಂಬಳಿ ಮಾತ್ರ ಚಳಿಗೆ ಉಳಿದಿದೆ. ತಲೆಪಟ್ಟಿ ಹಣೆ ಗಂಟಿಕ್ಕಿದರೂ ‘ಶಾಂತ’ ಎನ್ನುತ್ತಿತ್ತು. ಕೆಲಸ ಮಾಡಿದ ಸಾಮಾನು ಒಂದು ನೋಟ್‌ಬುಕ್, ಒಂದು ಟೈಮರ್, ಒಂದು ಕಟ್ಟು ಸ್ಟ್ರಾ. ಹಣ ಹಾಕುವುದಾದರೆ ಈ ಪದ್ಧತಿ ಗೊತ್ತಿರುವ ಮನಶ್ಶಾಸ್ತ್ರಜ್ಞರ ನಾಲ್ಕಾರು ಸಿಟ್ಟಿಂಗ್‌ಗೆ ಹಾಕಿ. ನಿಮ್ಮ ಊರುಗೋಲು ಬೇರೆಯವರ ಕಣ್ಣಿಗೆ ಬೇಗ ಬೀಳುತ್ತದೆ.

ಈಗಿನ ಲೆಕ್ಕ ಇಷ್ಟು: ದಿನವೂ ಹತ್ತು ನಿಮಿಷದ ಉಸಿರು, ವಾರಕ್ಕೆ ಐದು ದಿನ ಅರ್ಧ ಗಂಟೆಯ ಬಿರುಸು ನಡಿಗೆ. ಅಂಕ ಸತತ ಎರಡು ಸಲ ಎಂಟು ಮುಟ್ಟಿದರೆ ಮತ್ತೆ ಸ್ಟ್ರಾ, ಕುರ್ಚಿ. ತಿಂಗಳುಗಟ್ಟಲೆ ಮಾಡಿಯೂ 10ರ ಕೆಳಗೆ ಬಾರದಿದ್ದರೆ ವೈದ್ಯರ ಬಳಿ ಹೋಗಿ. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ ಸಾಕು, ಅಂಕ ಎಷ್ಟಿದೆ ಎಂದು ನೋಡುತ್ತಾ ಕೂರದೆ ಅಂದೇ ಹೋಗಿ.